ತುಡುಗು ಬೆಕ್ಕಿನ ನಾಲ್ಕನೆಯ ಸಾಲು

ಅಂಗಡಿಯ ಹಿಂದಿನ ಕೋಣೆ,
ಮಾರ್ಚ್ ೯, ಶನಿವಾರ, ಬೆಳಿಗ್ಗೆ

ಪ್ರೀತಿಯ ಅಕ್ಕಾ,

‘…ಬಾಯಿದೆ, ಮಾತಿಲ್ಲ’ ಎಂದಳಲ್ಲ ಅಮ್ಮ, ಅದಕ್ಕೆ ಮೊದಲು ಇನ್ನೂ ಏನೋ ಹೇಳಿದ್ದಳು. ಅದು ನನಗೆ ನೆನಪಾಗುತ್ತಿಲ್ಲ. ಗುಂಡಿಯ ಕಾಜ ಹೊಲಿಯಲು ನೀನು ತಂದ ಯಂತ್ರದ ಮೊದಲ ಕಾಜವನ್ನು ಕಿಟಕಿಯ ಬೆಳಕಿಗೆ ಹಿಡಿದು, ಅಂಗಿಯ ಅಳತೆಗೆ ಬಂದು ನಿಂತಿದ್ದ ಬಸ್ ಡ್ರೈವರನ ಎದುರಿಗೇ ಹೇಳಿದ ಮಾತು. ಹನ್ನೊಂದು ವರ್ಷವಾಯಿತು. ನೀನು ಕೇಳಿಸಿಕೊಂಡು ಹೊರಟುಹೋದದ್ದು ಆ ಅರ್ಧವನ್ನೇ, ನಾನು ಇಟ್ಟುಕೊಂಡು ಉಳಿದದ್ದೂ ಆ ಅರ್ಧವನ್ನೇ. ಕಾಗದವನ್ನು ಹೀಗೆ ಶುರು ಮಾಡಬಾರದು, ಮೊದಲು ಕ್ಷೇಮ ಕೇಳಬೇಕು. ಕೇಳುತ್ತೇನೆ. ನಿನ್ನ ಮೊಣಕಾಲು ಹೇಗಿದೆ? ಕಾರ್ಖಾನೆಯಲ್ಲಿ ಈಗಲೂ ದಿನವಿಡೀ ನಿಂತೇ ಕೆಲಸವೋ, ಕೂರಲು ಏನಾದರೂ ಕೊಟ್ಟರೋ? ಕನ್ನಡಕದ ನಂಬರು ಮತ್ತೆ ಏರಿತೆಂದು ನಿನ್ನ ಮಗಳು ಫೋನಿನಲ್ಲಿ ಹೇಳಿದಳು. ನೀನು ಫೋನಿಗೆ ಬರಲಿಲ್ಲ. ‘ಆ ಕಡೆ ಅಮ್ಮ ಸುಮ್ಮನೆ ಕೂತಿರೋದು ನಂಗೆ ಕೇಳಿಸುತ್ತೆ, ಅದು ಬೇಡ. ಏನಿದ್ರೂ ಬರೀಲಿ’ ಎಂದು ಅವಳ ಕೈಲೇ ಹೇಳಿಸಿದೆ. ನಾನು ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡುವುದು ನನಗೆ ಬರುವುದಿಲ್ಲ, ನಿನಗೆ ಗೊತ್ತು.

ಅಮ್ಮ ದೇಹದಲ್ಲಿ ಪರವಾಗಿಲ್ಲ. ಲಕ್ವ ಹೊಡೆದು ಇವತ್ತಿಗೆ ಐವತ್ತೆರಡು ದಿನ. ಬಲಗಾಲು ಎಳೆದುಕೊಂಡಾದರೂ ಬಚ್ಚಲವರೆಗೆ ತಾನೇ ಹೋಗುತ್ತಾಳೆ, ತೋಳು ಹಿಡಿಯಲು ಹೋದರೆ ಕೊಡವುತ್ತಾಳೆ. ಬಲಗೈ ಮಾತ್ರ ಯಾರೋ ತೊಡೆಯ ಮೇಲೆ ಇಟ್ಟು ಮರೆತುಹೋದ ಸಾಮಾನಿನ ಹಾಗಿರುತ್ತದೆ. ಊಟ ಸೇರುತ್ತದೆ. ನಾವು ಹೇಳಿದ್ದೆಲ್ಲ ತಿಳಿಯುತ್ತದೆ: ನನ್ನ ಅಡುಗೆಯಲ್ಲಿ ಉಪ್ಪು ಜಾಸ್ತಿಯಾದರೆ ಹುಬ್ಬು ಮೇಲೇರುತ್ತದೆ. ಪಕ್ಕದ ಕನ್ನಡಕದ ಅಂಗಡಿಯವನು ಬಂದು, ‘ಅಮ್ಮೋರು ಈಗ ಎಷ್ಟು ಸಾಧು ಆಗಿಬಿಟ್ಟಿದಾರೆ!’ ಎಂದಾಗ ಕಣ್ಣಿನಲ್ಲೇ ಅವನ ಕತ್ತು ಹಿಡಿದು ಹೊರಗೆ ಹಾಕಿದಳು. ಮಾತೊಂದೇ ಇಲ್ಲ. ಆಸ್ಪತ್ರೆಯಿಂದ ವಾರಕ್ಕೆರಡು ಸಲ ಒಬ್ಬ ಹುಡುಗಿ ಬರುತ್ತಾಳೆ, ಕಳೆದುಹೋದ ಮಾತನ್ನು ಮರಳಿ ಕಲಿಸುವವಳು. ನಾನು ಅವಳನ್ನು ಮಾತಿನ ಮೇಡಂ ಎನ್ನುತ್ತೇನೆ. ಒಂದು ಪೆಟ್ಟಿಗೆಯ ತುಂಬ ಚಿತ್ರದ ಚೀಟಿಗಳು: ಬೀಗದ ಕೈ, ಲೋಟ, ಚಪ್ಪಲಿ, ಬೆಕ್ಕು. ‘ಅಜ್ಜೀ, ಇದೇನು ಹೇಳಿ ನೋಡೋಣ? ಬೆ… ಬೆ…’ ಎಂದು ಮೊದಲ ಅಕ್ಷರವನ್ನು ಎಳೆದು ಕೈಗೆ ಕೊಟ್ಟಹಾಗೆ ಕೊಡುತ್ತಾಳೆ. ಅಮ್ಮ ತುಟಿ ಜೋಡಿಸುತ್ತಾಳೆ, ಕುತ್ತಿಗೆಯ ನರ ಉಬ್ಬುತ್ತದೆ, ಹೊರಗೆ ಬರುವುದು ಬರೀ ಉಸಿರು. ಒಂದು ದಿನ ಆ ಉಸಿರೂ ಬರಲಿಲ್ಲ. ಬೆಕ್ಕಿನ ಚೀಟಿಯನ್ನು ಎಡಗೈಯಲ್ಲಿ ಬೋರಲು ಹಾಕಿ ಗೋಡೆಯ ಕಡೆ ತಿರುಗಿಬಿಟ್ಟಳು. ಅವತ್ತು ಬಾಗಿಲ ಹತ್ತಿರ ಮೇಡಂ ಹೇಳಿದಳು: ‘ಒಂದೇ ಒಂದು ಪದ ಬಂದ್ರೂ ಸಾಕು ಸರ್, ಅದನ್ನ ಹಿಡ್ಕೊಂಡು ಮುಂದಕ್ಕೆ ಹೋಗಬಹುದು. ಬರದಿದ್ರೆ… ನೋಡೋಣ.’ ‘ನೋಡೋಣ’ ಎಂಬುದನ್ನು ನಾನೂ ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ತಾರು ವರ್ಷದಿಂದ ಬಳಸುತ್ತಿದ್ದೇನೆ. ಕೊಳವೆಯೇ ಇಲ್ಲದ ಬೀದಿಯಿಂದ ಅರ್ಜಿ ಹಿಡಿದು ಬಂದವರಿಗೆ ಹೇಳುವ ಮಾತು ಅದು.

ಈ ಸೋಮವಾರ ನಡೆದದ್ದನ್ನು ಹೇಗೆ ಬರೆಯುವುದೆಂದು ತಿಳಿಯದೆ ಐದು ದಿನ ಸುಮ್ಮನಿದ್ದೆ. ಎಡಗೈಗೆ ಅಭ್ಯಾಸವಾಗಲಿ ಎಂದು ಮೇಡಂ ಒಂದು ತೂತಿನ ಹಲಗೆ ಮತ್ತು ಶೂ ಲೇಸು ಕೊಟ್ಟುಹೋಗಿದ್ದಳು. ತೂತಿನಿಂದ ತೂತಿಗೆ ಲೇಸು ಪೋಣಿಸಬೇಕು. ಅಮ್ಮ ಅದನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು, ಹಲಗೆಯನ್ನು ಮೇಜಿನ ಅಂಚಿನವರೆಗೆ ನಿಧಾನವಾಗಿ ತಳ್ಳಿ ಕೆಳಗೆ ಬೀಳಿಸಿದಳು. ಐವತ್ತು ವರ್ಷ ಅಂಗಿ ಹೊಲಿದವಳಿಗೆ ಲೇಸು ಪೋಣಿಸು ಎಂದರೆ ಇನ್ನೇನಾಗುತ್ತದೆ? ನನಗೇ ನಾಚಿಕೆಯಾಯಿತು. ಅವಳು ಕುಸಿದ ದಿನ ಅರ್ಧಕ್ಕೆ ನಿಂತ ಅಂಗಿಯೊಂದು ಕತ್ತರಿಸುವ ಮೇಜಿನ ಮೇಲೆ ಹಾಗೇ ಇತ್ತು. ಕಾಜಗಳಿಗೆ ಸೀಳು ಬಿದ್ದಿತ್ತು, ಹೊಲಿಗೆ ಆಗಿರಲಿಲ್ಲ. ಸೂಜಿಗೆ ದಪ್ಪ ದಾರ ಏರಿಸಿ, ಗಂಟು ಹಾಕಿ, ಅಂಗಿಯ ಮುಂಪಟ್ಟಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಅವಳ ಮುಂದೆ ಕೂತೆ. ಯಾವ ಆಸೆಯಿಂದಲೂ ಅಲ್ಲ. ಎಡಗೈಯಲ್ಲಿ ಸೂಜಿ ತೆಗೆದುಕೊಂಡಳು. ಮೊದಲ ಹೊಲಿಗೆ ಎತ್ತಲೋ ಹೋಯಿತು. ಎರಡನೆಯದು ಸೀಳಿನ ಅಂಚು ಹಿಡಿಯಿತು. ಮೂರನೆಯ ಹೊಲಿಗೆಗೆ ಯಾರೋ ಹಾಡಿದರು. ಯಾರೋ ಎಂದೇ ನನಗನ್ನಿಸಿತು. ತಲೆ ಎತ್ತಿ ಬಾಗಿಲ ಕಡೆ ನೋಡಿದೆ.

ತುಡುಗು ಬೆಕ್ಕು ಬಂದಿತಮ್ಮ ತುದಿಯ ಕಾಲಲಿ,
ಅಡಗಿಸಿಟ್ಟ ಕೆನೆಯ ಕಂಡು ಗೂಡ ಮೂಲೆಲಿ,
ಕುಡಿದು ಬಿಟ್ಟು ಮೀಸೆ ಒರೆಸಿ ಕುಳಿತುಕೊಂಡಿತು…

ಒಂದಕ್ಷರ ತೊದಲಲಿಲ್ಲ ಅಕ್ಕಾ. ‘ಬೆಕ್ಕು’ ಎಂದು ಹೇಳಲಾಗದೆ ಗೋಡೆಗೆ ತಿರುಗಿದ್ದ ಬಾಯಿ ಅದು. ಕಾಜದ ಒಂದು ಬದಿ ಏರುವಾಗ ಮೊದಲ ಸಾಲು, ತುದಿಯಲ್ಲಿ ಬಳಸುವಾಗ ಎರಡನೆಯದು, ಇನ್ನೊಂದು ಬದಿ ಇಳಿಯುವಾಗ ಮೂರನೆಯದು. ಹೊಲಿಗೆ ಸೊಟ್ಟಗೆ ಬೀಳುತ್ತಿತ್ತು, ದನಿ ನೆಟ್ಟಗಿತ್ತು. ನಮ್ಮ ಇಲಾಖೆಯಲ್ಲಿ ಒಮ್ಮೆ ರಸ್ತೆ ಅಗೆದಾಗ ಯಾವ ನಕ್ಷೆಯಲ್ಲೂ ಇಲ್ಲದ ಒಂದು ಹಳೆಯ ಮಣ್ಣಿನ ಕೊಳವೆ ಸಿಕ್ಕಿತ್ತು, ಒಡೆದು ನೋಡಿದರೆ ಒಳಗೆ ತಣ್ಣಗೆ ನೀರು ಹರಿಯುತ್ತಿತ್ತು. ಎಲ್ಲಿಂದ, ಯಾರಿಗೆ, ಎಷ್ಟು ಕಾಲದಿಂದ ಎಂದು ಯಾರಿಗೂ ಗೊತ್ತಿಲ್ಲ. ನಕ್ಷೆ ಬರೆಯುವವನು ನಾನು. ಅವತ್ತು ಗುಂಡಿಯ ಅಂಚಿನಲ್ಲಿ ಕೈಕಟ್ಟಿ ನಿಂತಹಾಗೆಯೇ ಸೋಮವಾರವೂ ಅಂಗಿಯ ಎರಡು ತುದಿ ಹಿಡಿದು ಕೂತಿದ್ದೆ. ಅಳು ಬರಲಿಲ್ಲ. ಅದಕ್ಕಿಂತ ಹೆಚ್ಚಿನದೇನೋ ಬಂತು, ಅದಕ್ಕೆ ನನ್ನಲ್ಲಿ ಹೆಸರಿಲ್ಲ. ಜೋರಾಗಿ ಉಸಿರಾಡಿದರೆ ನಿಂತುಹೋದೀತು ಎಂಬ ಭಯವಷ್ಟೇ ಸ್ಪಷ್ಟವಾಗಿತ್ತು.

ನಿಂತೂ ಹೋಯಿತು. ಕಾಜದ ಕೊನೆಗೆ ಬಾಯಿ ಹರಿಯದ ಹಾಗೆ ಅಡ್ಡ ಹೊಲಿಗೆ ಹಾಕಿ, ದಾರವನ್ನು ಹಲ್ಲಲ್ಲಿ ಕಚ್ಚಿ ಹಿಡಿದಳು. ಹಿಡಿದೇ ಕೂತಳು, ಕತ್ತರಿಸಲಿಲ್ಲ. ನಾಲ್ಕನೆಯ ಸಾಲು ಬರಲಿಲ್ಲ. ನಾನು ಕಾದೆ. ಗಡಿಯಾರದಲ್ಲಿ ಒಂದು ನಿಮಿಷ ಪೂರ್ತಿ. (ನಗಬೇಡ. ಅಳೆಯದೆ ಇರುವುದು ನನ್ನಿಂದಾಗುವುದಿಲ್ಲವೆಂದೇ ಅಲ್ಲವೇ ನೀನು ನನಗೆ ಟೇಪು ಎಂದು ಹೆಸರಿಟ್ಟದ್ದು.) ಮರೆತಿದ್ದಾಳೆ, ದಾರಿ ತೋರಿಸಬೇಕು, ಮೇಡಂ ‘ಬೆ… ಬೆ…’ ಎಂದು ಕೊಡುವ ಹಾಗೆ ನಾನೂ ಏನಾದರೂ ಕೊಡಬೇಕು ಎನ್ನಿಸಿತು. ಗಾಬರಿಯಲ್ಲಿ ಹಳೆಯದೊಂದೂ ನೆನಪಿಗೆ ಬರಲಿಲ್ಲ. ಆದ್ದರಿಂದ ನಾನೇ ಒಂದು ಕಟ್ಟಿ ಹೇಳಿದೆ: ‘ಬಡಿದ ಮೇಲೆ ಬುದ್ಧಿ ಬಂದು ಒಳ್ಳೆದಾಯಿತು.’ ನನ್ನಂಥವನಿಗೆ ಹೊಳೆಯುವ ಸಾಲು. ಬೆಕ್ಕಿಗೆ ಬುದ್ಧಿ ಬರಿಸಿಬಿಟ್ಟೆ! ಅಮ್ಮ ದಾರ ಬಿಟ್ಟಳು. ನನ್ನನ್ನು ನೋಡಿದಳು. ಗಿರಾಕಿಯೊಬ್ಬ ತಾನೇ ತಂದ ಬಟ್ಟೆಯನ್ನು ರೇಷ್ಮೆ ಎಂದು ಸುಳ್ಳು ಹೇಳಿದಾಗ ನೋಡುತ್ತಿದ್ದಳಲ್ಲ, ಆ ನೋಟ. ಆಮೇಲೆ ಹಾಡಲ್ಲ, ರಾಗವಲ್ಲ, ನೆಟ್ಟಗೆ ನನ್ನ ಮುಖಕ್ಕೆ ಒಂದು ಪದ: ‘ತುಡುಗ!’

ಐವತ್ತು ದಿನದ ಹತ್ತಿರ ಬಾಯಿ ಮುಚ್ಚಿದ್ದ ತಾಯಿ ಮಗನನ್ನು ಕರೆದ ಮೊದಲ ಮಾತು ಅದು. ನಾನು ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದೆ. ಯಾರಾದರೂ ನನ್ನನ್ನು ಇಷ್ಟು ಸರಿಯಾಗಿ ಬೈದು ಎಷ್ಟೋ ವರ್ಷವಾಗಿತ್ತು.

ಗುರುವಾರ ಮೇಡಂ ಬಂದಳು. ಕಾಜವೂ ಆಯಿತು, ಹಾಡೂ ಆಯಿತು, ಅವಳ ಪೆನ್ನು ಕೈಯಿಂದ ಜಾರಿ ಬಿತ್ತು. ಆಮೇಲೆ ಮೆಲ್ಲಗೆ ಕೇಳಿದಳು, ‘ತುಡುಗು ಅಂದ್ರೇನು ಸರ್? ಅಂಥ ಪದ ಇದೆಯಾ, ಇಲ್ಲಾ ಅಜ್ಜಿ ಸುಮ್ನೆ ಏನೋ ಶಬ್ದ ಮಾಡ್ತಿದಾರಾ?’ ನಿನಗೆ ಗೊತ್ತಿರುವುದನ್ನೇ ನಿನಗೆ ಬರೆಯುತ್ತಿದ್ದೇನೆ, ಆದರೆ ಬೇರೆಯವರಿಗೆ ಹೇಳಬೇಕಾಗಿ ಬಂದಾಗಲೇ ಅದು ನನಗೂ ಸರಿಯಾಗಿ ಕಂಡದ್ದು. ಅಮ್ಮ ದೂರದ ಸೀಮೆಯಿಂದ ಈ ಊರಿಗೆ ಬಂದವಳು, ಅಲ್ಲಿಯ ಮಾತುಗಳೆಲ್ಲ ಒಂದೊಂದಾಗಿ ಸವೆದುಹೋದವು, ಇದೊಂದು ಮಾತ್ರ ಉಳಿಯಿತು ಎಂದೆ. ಉಳಿಸಿದ್ದು ನಮ್ಮ ಬೂದು ಬೆಕ್ಕು, ಒಂದು ಕಿವಿ ಹರಿದದ್ದು. ಕೆನೆ ಕದಿಯುತ್ತಿತ್ತು, ಗುರುತು ಹಾಕುವ ಸುಣ್ಣದ ಬಿಲ್ಲೆ ಕದಿಯುತ್ತಿತ್ತು, ಒಮ್ಮೆ ಮದುವೆಗಂಡಿನ ಕೋಟಿನ ಒಂದು ತೋಳನ್ನೇ ಎಳೆದುಕೊಂಡು ಹೋಗಿ ಅದರೊಳಗೆ ಮಲಗಿತ್ತು. ಬೀದಿಯವರು ಕಳ್ಳಬೆಕ್ಕು ಎನ್ನುತ್ತಿದ್ದರು. ಅಮ್ಮ ಒಪ್ಪುತ್ತಿರಲಿಲ್ಲ. ‘ಕಳ್ಳ ಕದ್ದ ಮೇಲೆ ಓಡಿಹೋಗ್ತಾನೆ. ತುಡುಗ ಅಲ್ಲೇ ಕೂತು ಕೈ ನೆಕ್ಕೋತಾನೆ. ಇದು ತುಡುಗು.’ ನೀನು ಬೆಕ್ಕಿನ ಬಗ್ಗೆ ಪ್ರಬಂಧ ಬರೆದೆ, ಟೀಚರು ಆ ಪದದ ಮೇಲೆ ಕೆಂಪು ಗೀಟು ಎಳೆದು ‘ಈ ಪದ ಇಲ್ಲ’ ಎಂದು ಪಕ್ಕದಲ್ಲಿ ಬರೆದರು, ತರಗತಿಯೆಲ್ಲ ನಕ್ಕಿತು. ನೀನು ಅತ್ತುಕೊಂಡು ಬಂದು ಅಮ್ಮನ ಎಡಗಡೆಯ ಗಿಡ್ಡ ಸ್ಟೂಲಿನ ಮೇಲೆ ಕೂತೆ. ಅಮ್ಮ ಪುಸ್ತಕ ನೋಡಿ ನಕ್ಕಳು. ‘ಇಲ್ವಂತೆ! ಹಾಗಾದ್ರೆ ನಮ್ಮನೆ ಕೆನೆ ತಿಂದಿದ್ದು ಯಾರಂತೆ?’ ಎಂದವಳು ಕೈಯಲ್ಲಿದ್ದ ಕಾಜ ಹೊಲಿಯುತ್ತಲೇ ಮೂರು ಸಾಲು ಕಟ್ಟಿಬಿಟ್ಟಳು. ನಾಲ್ಕನೆಯದಕ್ಕೆ ದಾರ ಹಲ್ಲಿಗೆ ಸಿಕ್ಕಿತ್ತು, ಬಾಯಿ ಬಿಡುವ ಹಾಗಿಲ್ಲ. ಮೂಗು ಒರೆಸಿಕೊಂಡು ನೀನು ಮುಗಿಸಿದೆ:

ಬಡಿಗೆ ತಂದ ಅಮ್ಮನನ್ನೆ ಬೈದು ಕಳಿಸಿತು!

ಇಷ್ಟು ಹೇಳುತ್ತಿದ್ದ ಹಾಗೆ ಆ ಸಾಲು ನನ್ನ ಬಾಯಿಗೆ ತಾನಾಗಿ ಬಂತು ನೋಡು. ಮೂವತ್ತೆಂಟು ವರ್ಷದ ಹಿಂದಿನದು. ಸಿಕ್ಕಿತಲ್ಲ ಎಂದು ನನಗೆ ಕಳೆದ ಬೀಗದ ಕೈ ಸಿಕ್ಕಷ್ಟು ಖುಷಿ. ಇನ್ನೊಂದು ಕಾಜಕ್ಕೆ ದಾರ ಏರಿಸಿ ಕೊಟ್ಟೆವು. ಅಮ್ಮ ಮೂರು ಸಾಲು ಹೇಳಿ, ದಾರ ಕಚ್ಚಿ ನಿಂತಳು. ನಾನು ‘ಬಡಿಗೆ ತಂದ’ ಎಂದೆ. ತಲೆ ಅಡ್ಡಡ್ಡ ಆಡಿಸಿದಳು. ಬೇಜಾರಿಲ್ಲ, ಬರೀ ಬೇಡ ಎನ್ನುವ ಹಾಗೆ. ಒಂದು ಸಿಕ್ಕ ಮೇಲೆ ಉಳಿದವೂ ಸಾಲುಗಟ್ಟಿ ಬಂದವು. ಮುಂದಿನ ಕಾಜಕ್ಕೆ ‘ಅಡುಗೆ ಸಪ್ಪೆ ಎಂದು ಹೇಳಿ ಮೂತಿ ತಿರುವಿತು’ ಎಂದೆ. ಅದಕ್ಕೂ ಬೇಡ. ಅದರ ಮುಂದಿನದಕ್ಕೆ ‘ಕೊಡೆಯ ಹಿಡಿದು ಬಿಸಿಲಿನಲ್ಲಿ ಪೇಟೆಗೋಡಿತು.’ ತುಟಿಯ ಮೂಲೆಯಲ್ಲಿ ನಗು ಬಂತು, ಆದರೂ ತಲೆ ಅಡ್ಡಡ್ಡವೇ ಆಡಿತು. ಹೊಲಿದು ಮುಗಿದ ಕಾಜಗಳನ್ನು ಎಡಗೈ ಬೆರಳಿನಲ್ಲಿ ಒಂದೊಂದಾಗಿ ಮುಟ್ಟಿ ತೋರಿಸಿದಳು, ಆಮೇಲೆ ಕೈಯಲ್ಲಿದ್ದ ಹೊಸದನ್ನು ಮುಟ್ಟಿದಳು. ಅವೆಲ್ಲ ಆದವು, ಇದಕ್ಕೆ ಬೇರೆ. ಆಗ ನನಗೆ ಹೊಳೆಯಿತು. ನೀನು ಒಂದು ಸಾಲನ್ನು ಎರಡನೇ ಸಲ ಹೇಳಿದ್ದೇ ಇಲ್ಲ. ಅಂಗಿಗೆ ಆರು ಕಾಜ, ದಿನಕ್ಕೆ ಮೂರೋ ನಾಲ್ಕೋ ಅಂಗಿ, ನಿನ್ನ ಹತ್ತನೇ ವಯಸ್ಸಿನಿಂದ ನೀನು ಹೊರಡುವವರೆಗೆ. ಅಷ್ಟು ಸಲ ಆ ಬೆಕ್ಕು ಕೆನೆ ಕುಡಿದು ಅಷ್ಟೇ ಬಗೆಯಲ್ಲಿ ತಪ್ಪಿಸಿಕೊಂಡಿದೆ. ನಾನು ಇಸ್ತ್ರಿಯ ಮೇಜಿನ ಹತ್ತಿರ ಕೂತು ಅದನ್ನೆಲ್ಲ ಗದ್ದಲ ಎಂದುಕೊಂಡಿದ್ದೆ. ನಿಮ್ಮಿಬ್ಬರ ಮಧ್ಯೆ ದಿನವೂ ಎಂಥದ್ದು ಆಗುತ್ತಿತ್ತು ಎಂದು ಈಗ ಯೋಚಿಸಿದರೆ ತಲೆ ತಗ್ಗುತ್ತದೆ.

ಮೇಡಂ ಹೊರಡುವಾಗ ಪೆಟ್ಟಿಗೆಯಿಂದ ಬೆಕ್ಕಿನ ಚೀಟಿ ತೆಗೆದು ಮತ್ತೊಮ್ಮೆ ತೋರಿಸಿದಳು. ಅಮ್ಮ ತಡಮಾಡದೆ ‘ತುಡುಗ’ ಎಂದಳು. ಮೇಡಂ ಚೀಟಿಯ ಹಿಂದೆ ಆ ಪದ ಬರೆದುಕೊಂಡು, ‘ನನ್ನ ಪೆಟ್ಟಿಗೇಲೇ ಇಲ್ಲದ ಪದದಿಂದ ಶುರು ಮಾಡಿದಾರಲ್ಲ ಸರ್ ಇವರು!’ ಎಂದಳು. ಆಮೇಲೆ ತನ್ನ ಪುಸ್ತಕದಲ್ಲಿ ‘ನಾಲ್ಕನೇ ಸಾಲು ಮರೆತಿದ್ದಾರೆ’ ಎಂದೂ ಬರೆದುಕೊಂಡಳು. ಈಗ ಬರುತ್ತಿರುವ ದಾರಿಯಲ್ಲೇ ಮುಂದಕ್ಕೆ ಹೋಗಬೇಕು, ಒಂದೇ ಜಾಗದಲ್ಲಿ ದಿನವೂ ಸಿಕ್ಕಿಕೊಂಡರೆ ಅಜ್ಜಿ ಬೇಸತ್ತು ಮತ್ತೆ ಗೋಡೆ ಕಡೆ ತಿರುಗಿಬಿಡಬಹುದು ಎಂಬುದು ಅವಳ ಆತಂಕ. ನನಗೂ ಅದೇ ಭಯ. ನಿನ್ನೆ ಮೂರು ಕಾಜಕ್ಕೇ ಸೂಜಿ ಕೆಳಗಿಟ್ಟಳು.

ಯಂತ್ರದ ವಿಷಯ ಎತ್ತಬಾರದೆಂದಿದ್ದೆ, ಮೊದಲಲ್ಲೇ ಎತ್ತಿಬಿಟ್ಟೆ. ಅಮ್ಮನ ಕಣ್ಣು ಮಂಜಾಗುತ್ತಿದೆ, ಅವಳಿಗೆ ಸುಲಭವಾಗಲಿ ಎಂದೇ ನೀನು ಅದನ್ನು ತಂದದ್ದು. ಅದು ಅವಳಿಗೂ ಗೊತ್ತಿತ್ತು. ನಾನು ಅವತ್ತು ಮಧ್ಯೆ ಬಾಯಿ ಹಾಕಿ ಅಷ್ಟು ಹೇಳಿದ್ದರೆ ಆಗುತ್ತಿತ್ತು, ಆದರೆ ನಾನು ಅಂಗಿಯ ಕಾಲರಿಗೆ ಇಸ್ತ್ರಿ ಹಾಕುತ್ತಿದ್ದೆ, ನೀನು ಹೊಸಿಲು ದಾಟುವವರೆಗೂ ಅದೇ ಕಾಲರಿಗೆ ಇಸ್ತ್ರಿ ಹಾಕುತ್ತಿದ್ದೆ. ಆ ಯಂತ್ರ ಒಂದು ಕಾಜಕ್ಕೆ ತೆಗೆದುಕೊಳ್ಳುತ್ತಿದ್ದದ್ದು ಹತ್ತು ಸೆಕೆಂಡು. ಹತ್ತು ಸೆಕೆಂಡಿನಲ್ಲಿ ಬೆಕ್ಕು ಕೆನೆಯ ಬೋಗುಣಿಯ ಹತ್ತಿರಕ್ಕೂ ಬರುವುದಿಲ್ಲ. ಅಮ್ಮನಿಗೆ ಅಷ್ಟೇ ಹೇಳಬೇಕಿತ್ತೋ ಏನೋ. ನಾನು ಅವಳ ಪರ ವಕೀಲಿಕೆ ಮಾಡುತ್ತಿಲ್ಲ. ಅವಳ ನಾಲಿಗೆ ಎಂಥದೆಂದು ನಿನ್ನಷ್ಟೇ ನಾನೂ ಬಲ್ಲೆ.

ಇಲ್ಲಿ ಉಳಿದದ್ದೆಲ್ಲ ಇದ್ದ ಹಾಗೇ ಇದೆ. ಕಚೇರಿಗೆ ಇನ್ನೂ ಒಂದು ತಿಂಗಳು ರಜೆ ಹಾಕಿದ್ದೇನೆ. ನಿನ್ನ ಮಗಳಿಗೆ ಮಾವನ ಆಶೀರ್ವಾದ ತಿಳಿಸು. ಅವಳ ದನಿ ಫೋನಿನಲ್ಲಿ ಥೇಟ್ ನಿನ್ನದೇ, ಒಂದು ಕ್ಷಣ ಮೋಸಹೋದೆ. ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡು, ಬೆಳಕು ಕಡಿಮೆ ಇರುವಲ್ಲಿ ಸೂಜಿ ಹಿಡಿಯಬೇಡ. ದೊಡ್ಡವಳು ನೀನು, ನಿನಗೆ ಬುದ್ಧಿ ಹೇಳುತ್ತಿದ್ದೇನೆ, ತಪ್ಪಾಗಿದ್ದರೆ ಒಂದು ಬೈಗುಳ ಬರೆದು ಕಳಿಸು.

ಇತಿ ನಿನ್ನ ತಮ್ಮ,
ಟೇಪು

ಮತ್ತೊಂದು ಮಾತು. ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಅಕ್ಷರ ಸರಿಯಿಲ್ಲ. ಮೇಡಂಗೆ ಹೇಳದ್ದು, ನಿನಗೂ ಹೇಳದೆ ಮುಚ್ಚಲಿದ್ದದ್ದು. ನಾಲ್ಕನೆಯ ಸಾಲಿನ ಹತ್ತಿರ ಅಮ್ಮ ನಿಲ್ಲುವುದು ಲಕ್ವದಿಂದ ಅಲ್ಲ. ನೀನು ಹೋದ ಮರುದಿನದಿಂದ ಹಾಗೇ. ಹನ್ನೊಂದು ವರ್ಷ ಪ್ರತಿ ಕಾಜಕ್ಕೂ ಮೂರು ಸಾಲು ಹೇಳಿ, ದಾರ ಕಚ್ಚಿಕೊಂಡು, ಎಡಗಡೆ ಸ್ಟೂಲಿನ ಕಡೆ ತಿರುಗಿ ಸ್ವಲ್ಪ ಹೊತ್ತು ಇದ್ದು, ಆಮೇಲೆ ದಾರ ಕತ್ತರಿಸುತ್ತಿದ್ದಳು. ಗೋಡೆಯ ಈಚೆ ಕೂತು ದಿನವೂ ಕೇಳಿದ್ದೇನೆ, ಒಂದು ಕಾಗದದಲ್ಲೂ ಬರೆಯಲಿಲ್ಲ. ಮರೆತಿದ್ದಾಳೆ ಎನ್ನಿಸಿತು ಎಂದು ಮೇಲೆ ಬರೆದದ್ದು ನನ್ನ ನೆಪ. ಮರೆತದ್ದಲ್ಲ ಅದು, ನಿನ್ನ ಸರದಿ. ಆ ಸ್ಟೂಲಿನ ಮೇಲೆ ನಾನು ಬಟ್ಟೆಯ ಗಂಟು ಇಡುತ್ತಿದ್ದೆ, ಈಗ ತೆಗೆದಿದ್ದೇನೆ. ಇವತ್ತು ಬೆಳಿಗ್ಗೆ ತಾನೇ ಕೈಚಾಚಿ ಸೂಜಿ ಕೇಳಿ ಇಸಿದುಕೊಂಡಳು. ನಾನು ಒಂದು ಕೈಯಲ್ಲಿ ಅಂಗಿ ಹಿಡಿದು ಇನ್ನೊಂದರಲ್ಲಿ ಇದನ್ನು ಬರೆಯುತ್ತಿದ್ದೇನೆ. ಮೂರನೆಯ ಸಾಲು ಈಗ ಮುಗಿಯಿತು. ಕುಡಿದು ಬಿಟ್ಟು, ಮೀಸೆ ಒರೆಸಿ, ಕುಳಿತುಕೊಂಡಿದೆ. ಅಮ್ಮ ದಾರ ಕಚ್ಚಿ ಹಿಡಿದಿದ್ದಾಳೆ, ಕತ್ತರಿಸುತ್ತಿಲ್ಲ.

ಇವತ್ತು ಬೆಕ್ಕು ಏನು ಮಾಡಿತು, ಅಕ್ಕಾ?